ಯೂದಪ್ಪನ ಬಾವಿಗೆ ಆ ಹೆಸರು ಬಂದದ್ದು

ಸ್ವಲ್ಪ ಈ ಕಡೆ ಸರಿದು ಕೂತುಕೊಳ್ಳಿ, ಮೆಲ್ಲಗೆ ಹೇಳುತ್ತೇನೆ. ಕೇಳಿದ್ದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಚರ್ಚಿನ ಸ್ವಾಮಿಯವರ ಕಿವಿಗೆ ಬಿತ್ತೋ, ನಿಮ್ಮ ಮುಖವನ್ನೇ ನೋಡಿಲ್ಲ ಎಂದುಬಿಡುತ್ತೇನೆ. ನಮ್ಮ ಕಲ್ಲುಬಾರೆಯ ಬೋಳುಬಂಡೆಯ ಬುಡದಲ್ಲಿ, ಈಚಲ ಪೊದೆಯ ಪಕ್ಕ ಒಂದು ಬಾವಿ ಇದೆಯಲ್ಲ, ಅದರ ಮುಂದೆ ಈಗ ನೀಲಿ ಹಲಗೆ ನಿಲ್ಲಿಸಿ ‘ಸಂತ ಯೂದತದ್ದೇಯುರವರ ಬಾವಿ’ ಎಂದು ಬರೆಸಿದ್ದಾರೆ. ಪಟ್ಟಣದವರು ಕಾರಿನಲ್ಲಿ ಬಂದು ಮೇಣದಬತ್ತಿ ಹಚ್ಚುತ್ತಾರೆ, ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತಾರೆ, ಮಗಳಿಗೆ ಗಂಡು ಸಿಗಲಿ ಎಂದು ಬೇಡಿಕೊಳ್ಳುತ್ತಾರೆ. ಆ ಸಂತರು ಪಾಪ, ಈ ಬಾವಿಯ ಹಗ್ಗವನ್ನೂ ಕಂಡವರಲ್ಲ. ಹಳಬರ ಬಾಯಲ್ಲಿ ಇದು ಯೂದಪ್ಪನ ಬಾವಿ. ಆ ಯೂದಪ್ಪ ತನ್ನ ಗುರುವನ್ನೇ ಹಿಡಿದುಕೊಟ್ಟವನು! ನಾನು ಓದಿದ್ದು ಎರಡನೇ ಕ್ಲಾಸು, ಆದರೆ ನಮ್ಮದು ಉಪದೇಶಿಗಳ ಮನೆತನ. ಇದು ಅಜ್ಜಿಯಿಂದ ಅಜ್ಜಿಗೆ ಬಂದ ಮಾತು.

ಹಿಂದೆ ಒಮ್ಮೆ, ಬಂಡೆಯ ಮೇಲಿನ ಕೋಟೆಯಲ್ಲಿ ಒಬ್ಬ ಪಾಳೆಯಗಾರ ಆಳುತ್ತಿದ್ದ. ಆಗ ಊರಿಗೆ ಜ್ಞಾನಪ್ರಕಾಶ ಸ್ವಾಮಿ ಎನ್ನುವ ಸನ್ಯಾಸಿ ಬಂದು ಯೇಸುಸ್ವಾಮಿಯ ಮಾತು ಹೇಳಿದರು ಎನ್ನುತ್ತಾರೆ. ಯಾವ ಸೀಮೆಯವರೋ ಏನೋ, ಕಾವಿ ಉಟ್ಟು, ಬಿಸಿಲಿಗೆ ಬೆಂದು ನಮ್ಮ ಬಣ್ಣಕ್ಕೇ ಬಂದುಬಿಟ್ಟಿದ್ದರಂತೆ. ಅವರಿಗೆ ದಿನವೂ ನೀರು ಹೊತ್ತು ತರುತ್ತಿದ್ದವನು ಯೂದಪ್ಪ. ಸ್ವಾಮಿ ಇಲ್ಲದಾಗ ಜಪ ಹೇಳಿಸಿ ಊರನ್ನು ನಡೆಸುವ ಉಪದೇಶಿ ಪಟ್ಟ ತನಗೇ ಎಂದು ಅವನು ನಂಬಿದ್ದ. ಸ್ವಾಮಿ ಆ ಪಟ್ಟದ ಶಲ್ಯವನ್ನು ನಮ್ಮ ಹಿರಿಯ ಇನ್ನಾಸಪ್ಪನ ಹೆಗಲಿಗೆ ಹಾಕಿದರು. ಮನೆಗೆ ಬಂದರೆ ಯೂದಪ್ಪನ ಹೆಂಡತಿ ಬಿಟ್ಟಾಳೆಯೇ? “ನೀರೇ ಹೊತ್ತುಕೋ, ಹೊತ್ತುಕೋ. ನಿನ್ನ ಹೆಗಲ ಮೇಲೆ ಶಲ್ಯ ಎಲ್ಲಿ ನಿಲ್ಲುತ್ತದೆ, ಕೊಡದ ಗಾಯ ಇರುವಾಗ!” ಎಂದಳಂತೆ. ಆ ಮಾತು ಅವನ ಎದೆಯೊಳಗೆ ಹೋಗಿ ಕೂತಿತು. ಅದೇ ಹೊತ್ತಿಗೆ ಪಾಳೆಯಗಾರನ ಕಿರಿಹೆಂಡತಿ ಸೆರಗಿನಲ್ಲಿ ಜಪಸರ ಬಚ್ಚಿಟ್ಟುಕೊಂಡಿದ್ದು ಬಯಲಾಯಿತು. ಅರಮನೆಯ ಹೆಂಗಸು, ಕದ್ದು ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿದ್ದಳು! ಉರಿದೆದ್ದ ಪಾಳೆಯಗಾರ ಸ್ವಾಮಿಯನ್ನು ಹಿಡಿದು ತರಲು ಬಂಟರನ್ನು ಅಟ್ಟಿದ.

ಬಂಟರು ಬಂದು ನೋಡಿದರೆ ಊರ ಗಂಡಸರೆಲ್ಲ ಕಾವಿ ಉಟ್ಟು ಸಾಲಾಗಿ ಕೂತಿದ್ದಾರೆ. ಹೆಂಗಸರ ಉಪಾಯ ಅದು, ಇಲ್ಲದಿದ್ದರೆ ಗಂಡಸರಿಗೆ ಎಲ್ಲಿ ಹೊಳೆಯಬೇಕು? ಸ್ವಾಮಿ ಯಾರೆಂದು ತಿಳಿಯದೆ ಬಂಟರು ಕತ್ತಿ ಹಿರಿದು ನಿಂತರು. ಮಕ್ಕಳು ಅಳುವುದನ್ನೂ ಮರೆತರು. ಆಗ ಯೂದಪ್ಪ ಎದ್ದು ಬಂದ. ಸಾಲಿನ ಉದ್ದಕ್ಕೂ ನಡೆದು, ಒಬ್ಬರ ಮುಂದೆ ನಿಂತು, “ಸ್ತೋತ್ರ, ಸ್ವಾಮಿ” ಎಂದು ಕಾಲಿಗೆ ಅಡ್ಡಬಿದ್ದ. ಅಷ್ಟೇ ಗುರುತು. ಸ್ವಾಮಿ ಎಂದಿನಂತೆ ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆ ಕೈಗೇ ಬಂಟರು ಸರಪಳಿ ಹಾಕಿದರು. ಉಳಿದವರು ಕಾವಿ ಬಿಚ್ಚಿ ಎಸೆದು ಓಡಿದರು. ನಮ್ಮ ಇನ್ನಾಸಪ್ಪನನ್ನು ತಡೆದು “ಇವನು ನಿನ್ನ ಗುರುವೇನೋ?” ಎಂದು ಕೇಳಿದ್ದಕ್ಕೆ, “ಯಾವ ಸ್ವಾಮಿಯೋ ನಾನರಿಯೆ, ಹುರುಳಿ ಹೊಲ ಕಾಯಲು ಬಂದವನು ನಾನು” ಎಂದನಂತೆ. ಮಕ್ಕಳೊಂದಿಗ, ಇನ್ನೇನು ಹೇಳಿಯಾನು? ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

ಸ್ವಾಮಿಯನ್ನು ಬೋಳುಬಂಡೆಯ ಮೇಲೆ, ಕಾದ ಕಲ್ಲಿಗೆ ಸರಪಳಿಯಿಂದ ಬಿಗಿದರು. ನೀರು ಕೊಟ್ಟವನನ್ನೂ ಪಕ್ಕದಲ್ಲೇ ಬಿಗಿಯುತ್ತೇವೆ ಎಂದು ಡಂಗುರ ಸಾರಿದರು. ಮಧ್ಯಾಹ್ನದ ಬಿಸಿಲಿಗೆ ಸ್ವಾಮಿಯ ತುಟಿ ಸೀಳಿತು. ಕೆಳಗಿನಿಂದ ನೋಡುತ್ತಿದ್ದ ಯೂದಪ್ಪನಿಗೆ ತಡೆಯಲಾಗಲಿಲ್ಲ, ಬಂಡೆ ಹತ್ತಿದ. ನಮ್ಮ ಕಡೆಯವನೇ ಎಂದು ಬಂಟರು ನಕ್ಕು, ಅವನನ್ನು ಮೇಲಕ್ಕೆ ಬಿಟ್ಟರು. “ಸ್ವಾಮಿ, ಶಾಪ ಹಾಕಿಬಿಡಿ” ಎಂದ. ಸ್ವಾಮಿ ಕಣ್ಣು ತೆರೆದು, “ದಿನಾ ನೀರು ತರುತ್ತಿದ್ದವನು ನೀನಲ್ಲವೇ ಮಗು? ಇವತ್ತೇಕೆ ಬರಿಗೈಯಲ್ಲಿ ಬಂದೆ?” ಎಂದರು ಎನ್ನುತ್ತಾರೆ.

ಯೂದಪ್ಪ ಊರಬಾವಿಗೆ ಓಡಿದ. ಹೆಂಗಸರು ತುಂಬಿದ ಕೊಡಗಳನ್ನು ಅವನ ಕಣ್ಣೆದುರೇ ಮಣ್ಣಿಗೆ ಸುರಿದರು. ಇನ್ನಾಸಪ್ಪ ಅಡ್ಡ ನಿಂತು, “ದ್ರೋಹಿಯ ಕೊಡ ಈ ಬಾವಿಗೆ ಇಳಿಯಬಾರದು” ಎಂದ. “ಅವರು ಸಾಯುತ್ತಿದ್ದಾರೆ, ಬೇಕಾದರೆ ನೀನೇ ಒಯ್ಯಿ” ಎಂದು ಯೂದಪ್ಪ ಕೊಡ ಚಾಚಿದ. ಯಾರೂ ಕೈ ನೀಡಲಿಲ್ಲ. ಆಗ ಅವನು ಹಾರೆ ಹಿಡಿದು ಬಂಡೆಯ ಬುಡಕ್ಕೆ ಬಂದ. ಈಚಲು ಹಸಿರಾಗಿದ್ದ ಕಡೆ ಅಗೆಯತೊಡಗಿದ. ಹಾರೆ ಮುರಿಯಿತು, ಕೈಯಲ್ಲೇ ಬಗೆದ, ಉಗುರು ಕಿತ್ತು ಬಂತು. ಒಂದು ಕಣ್ಣು ಗುಂಡಿಯ ಮೇಲೆ, ಒಂದು ಕಣ್ಣು ಬಂಡೆಯ ಮೇಲೆ: ಸ್ವಾಮಿಯ ತಲೆ ಇನ್ನೂ ಅಲ್ಲಾಡುತ್ತಿದೆಯೇ, ಇಲ್ಲವೇ? ಹೊತ್ತು ಇಳಿಯುವಾಗ ಕೆಸರು ಒಸರಿತು, ಕೆಸರಿನ ಮೇಲೆ ನೀರು ತಿಳಿಯಾಯಿತು. ಅದನ್ನು ಕೊಡಕ್ಕೆ ತುಂಬಿಕೊಂಡು, ಬಂಟರು ಕತ್ತಿ ತೋರಿಸಿದರೂ ನಿಲ್ಲದೆ ಬಂಡೆ ಹತ್ತಿದ. ಸ್ವಾಮಿ ಒಂದೇ ಗುಟುಕು ಕುಡಿದರು. “ಕಾಲು ಚಾಚು” ಎಂದರು. ಅವನು ಬೇಡ ಬೇಡ ಎಂದು ಗೋಳಾಡಿದರೂ ಬಿಡದೆ, ಸರಪಳಿಯ ಕೈಯಿಂದಲೇ ಉಳಿದ ನೀರು ಹೊಯ್ದು ಅವನ ಪಾದ ತೊಳೆದರು. ಬಂಟರು ಅವನನ್ನೂ ಪಕ್ಕದಲ್ಲೇ ಬಿಗಿದರು. ಬೆಳಕು ಹರಿಯುವಾಗ ಸ್ವಾಮಿ ಅವನ ಹೆಗಲಿಗೊರಗಿ ಪ್ರಾಣ ಬಿಟ್ಟಿದ್ದರು. ಆ ಕಿರಿಹೆಂಡತಿಯೇ ಗಂಡನ ಕಾಲು ಹಿಡಿದು ಯೂದಪ್ಪನನ್ನು ಬಿಡಿಸಿದಳಂತೆ.

ಅದೇ ಬೇಸಿಗೆಯಲ್ಲಿ ಊರಬಾವಿ ಒಣಗಿತು. ಬೈದವರೆಲ್ಲ ಕೊಡ ಹಿಡಿದು ಬಂಡೆಯ ಬುಡಕ್ಕೇ ಬರಬೇಕಾಯಿತು. ಕೊನೆಗೆ ಇನ್ನಾಸಪ್ಪನೂ ಬಂದ. ಯೂದಪ್ಪ ಅವನ ಕೊಡಕ್ಕೂ ಸೇದಿ ಸೇದಿ ಹೊಯ್ದ. ಹೆಸರು ಹಾಗೆ ನಿಂತಿತು.

ಈಗಲೂ ನೋಡಿ, ಬಾವಿಕಟ್ಟೆಯ ಮೇಲೆ ಅವನು ನಿಂತು ಸೇದಿ ಸೇದಿ ಎರಡು ಪಾದದಷ್ಟು ತಗ್ಗಾದ ಕಲ್ಲಿದೆ. ಬಿಷಪ್ಪರೇ ಬಂದರೂ ಅಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಪವಿತ್ರ ಗುರುವಾರ ಚರ್ಚಿನಲ್ಲಿ ಸ್ವಾಮಿಯವರು ಊರವರ ಪಾದ ತೊಳೆಯುವ ನೀರು ಅಲ್ಲಿಂದಲೇ ಹೋಗುತ್ತದೆ. ತನ್ನ ಕೊಡಕ್ಕೆ ತಾನು ಸೇದಿಕೊಳ್ಳುವಂತಿಲ್ಲ, ಹಿಂದೆ ನಿಂತವರಿಗೆ ಮುಂದಿನವರು ಸೇದಿ ಹೊಯ್ಯಬೇಕು. ಈ ಸಲದ ಪವಿತ್ರ ಗುರುವಾರ ನನ್ನ ಮುಂದೆ ನಿಂತಿದ್ದವಳು ಪಕ್ಕದ ಮನೆಯ ಸಂಪೂರ್ಣಮ್ಮ, ಯೂದಪ್ಪನ ವಂಶದವಳು. ಪಟ್ಟಣದವರೆಲ್ಲ ಕೇಳಲಿ ಎಂದೇ, “ಗುರುವನ್ನು ಹಿಡಿದುಕೊಟ್ಟ ಮನೆಯವರ ಕೈನೀರು ಇದು, ಗೊತ್ತೇನಮ್ಮಾ?” ಎಂದೆ. ಅವಳು ಬಿಂದಿಗೆ ಮೇಲೆಳೆದು, ನನ್ನ ಮುಖವನ್ನೇ ನೋಡಿ ಹೇಳಿದಳು: “ಹೌದು ಲೂರ್ದಕ್ಕ, ಹಿಡಿದುಕೊಟ್ಟವನು ನಮ್ಮಜ್ಜನೇ. ಅವನಿಗೆ ಸ್ವಾಮಿ ಯಾರು ಅಂತಾದರೂ ಗೊತ್ತಿತ್ತು. ನಿಮ್ಮಜ್ಜನಿಗೆ ಅದೂ ಗೊತ್ತಿರಲಿಲ್ಲವಲ್ಲ. ಬಾ, ಕೊಡ ಹಿಡಿ.”