‘ನಮ’ ಜಾಗ ಬದಲಿಸಿದ್ದು

‘ನಮ’ ಎಂಬ ಎರಡಕ್ಷರಕ್ಕೆ, ಟೈಪ್ ಮಾಡಿದೊಡನೆ ತಾನೇ ಬೆಳೆದು ‘ನಮಸ್ಕಾರ, ತಮ್ಮ ದೂರು ತಲುಪಿದೆ’ ಎಂಬ ಪೂರ್ತಿ ವಾಕ್ಯವಾಗುವ ಶಕ್ತಿಯಿದೆ ಎಂದು ದೂರು ಕಚೇರಿಯ ಕಂಪ್ಯೂಟರಿನೊಳಗೆ ಎಲ್ಲರೂ ನಂಬಿದ್ದರು. ತಾನಿದ್ದ ಹಳೆಯ ಬ್ರೌಸರನ್ನು ತೆಗೆದುಹಾಕುವ ದಿನ ಬಂದಾಗ ‘ನಮ’ ಹೊಸ ಬ್ರೌಸರಿನ ಬಳಿ ಹೋಗಿ ಜಾಗ ಕೇಳಿತು.

“ಬೆಳೆದು ತೋರಿಸಿ ಸ್ವಾಮಿ, ಆಮೇಲೆ ಜಾಗದ ಮಾತು,” ಎಂದಿತು ಹೊಸ ಬ್ರೌಸರ್.

‘ನಮ’ ಉಸಿರು ಬಿಗಿಹಿಡಿದು ನಿಂತಿತು. ಎರಡಕ್ಷರ ಎರಡಾಗಿಯೇ ಉಳಿಯಿತು.

“ನಿಮ್ಮಲ್ಲಿ ಗಾಳಿಯೇ ಸರಿಯಿಲ್ಲ,” ಎಂದು ಗೊಣಗಿತು.

“ಇರಬಹುದು. ಅಲ್ಲಿ ಬೆಳೆಯುವಾಗ ತಮಗೆ ಏನನ್ನಿಸುತ್ತಿತ್ತು?”

‘ನಮ’ ಯೋಚಿಸಿತು. “ನೆನಪಿಲ್ಲ. ಸರಿಯಾಗಿ ಆ ಹೊತ್ತಿಗೇ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.”

ಹಳೆಯ ಬ್ರೌಸರಿನಲ್ಲಿದ್ದ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಸಹಾಯಕ ತಂತ್ರಾಂಶವೊಂದು ಪ್ರತಿ ಸಲವೂ ‘ನಮ’ವನ್ನು ಅಳಿಸಿಹಾಕಿ, ಆ ವಾಕ್ಯವನ್ನು ತಾನೇ ಬರೆಯುತ್ತಿತ್ತು.