ಮರುಮಳೆ ಹೊಂಡ

ಕಣಿವೆಪೇಟೆಯ ಕೆಳಬೀದಿ ಮುಗಿಯುವಲ್ಲಿ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ ಒಂದು ಹೊಂಡವಿದೆ. ಗುಡ್ಡದ ಮೇಲೆ ಬಿದ್ದ ಮಳೆ ಊರಿನ ಮೂರು ಬೀದಿ ಹಾದು, ಕಲ್ಲುಗಾಲುವೆಯಲ್ಲಿ ಹರಿದು ಇದಕ್ಕೆ ಬಂದು ಸೇರುತ್ತದೆ. ಪುರಸಭೆಯ ಫಲಕದಲ್ಲಿ ಇದರ ಹೆಸರು ಮರುಮಳೆ ಹೊಂಡ. ಹೊಸಬರು ಅದನ್ನು ಯಾವುದೋ ದೇವರ ಹೆಸರೆಂದುಕೊಳ್ಳುತ್ತಾರೆ. ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಹೊಂಡದ ನೀರಗಂಟಿ ಕೆಲಸ ಪಾಲಮ್ಮ ಎಂಬ ಹೆಂಗಸಿನ ಪಾಲಿಗೆ ಬಂತು ಎನ್ನುತ್ತಾರೆ. ಕಾಲುವೆಯ ಬಾಯಿಗಿದ್ದ ಮರದ ಹಲಗೆಯನ್ನು ಎತ್ತುವುದು, ಇಳಿಸುವುದು ಆ ಕೆಲಸ. ಮೊದಲು ಅದನ್ನು ಅವಳ ಗಂಡ ಮಾಡುತ್ತಿದ್ದ. ಹಿಂದಿನ ವರ್ಷ ಮೊದಲ ಮಳೆ ಬಿದ್ದ ಕೂಡಲೇ ಅವನು ಹಲಗೆ ಎತ್ತಿ ಹೊಂಡ ತುಂಬಿಸಿದ್ದ. ವಾರದೊಳಗೆ ವಾಂತಿಭೇದಿ ಹಬ್ಬಿ ನಲವತ್ತು ಜನ ಹೋದರು. ಅವರಲ್ಲಿ ಅವನೂ ಇದ್ದ, ಹಿರಿಮಗಳೂ ಇದ್ದಳು. ಮಾರಿ ಮುನಿದಳೆಂದು ಊರು ಕೋಣ ಕಡಿಯಿತು. ಪಾಲಮ್ಮ ಮಾತ್ರ ಬೇರೊಂದನ್ನು ಗಮನಿಸಿದ್ದಳು. ಗುಡ್ಡದ ಬಂಡೆಯಿಂದ ಜಿನುಗುವ ಊಟೆಯ ನೀರು ಕುಡಿಯುತ್ತಿದ್ದ ಏಳು ಮನೆಗಳಲ್ಲಿ ಒಬ್ಬರೂ ಸತ್ತಿರಲಿಲ್ಲ.

ಮರುವರ್ಷ ಹೊಂಡದ ತಳ ಬಿರಿದಿತ್ತು. ಸಣ್ಣಗಾಗಿದ್ದ ಊಟೆಯಿಂದ ಮನೆಗೊಂದು ಕೊಡ ನೀರು ಸಿಕ್ಕರೆ ಹೆಚ್ಚು. ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಮಳೆ ಧೋ ಎಂದು ಸುರಿಯಿತು. ಪಾಲಮ್ಮ ಕಾಲುವೆಯ ಬಾಯಿಗೆ ಓಡಿದಳು. ಬರುತ್ತಿದ್ದ ನೀರು ಕಪ್ಪಗಿತ್ತು. ಬಟ್ಟೆ ಬಣ್ಣಗಾರರ ಗುಂಡಿಯ ಕೊಳೆ, ತಿಪ್ಪೆಯ ಸಗಣಿ, ಉಬ್ಬಿದ ನಾಯಿಯ ಹೆಣ, ಎಲ್ಲವನ್ನೂ ಹೊತ್ತು ತರುತ್ತಿತ್ತು. ಹಲಗೆ ಇಳಿಸಿ, ಹಾರೆಯಿಂದ ಪಕ್ಕದ ಏರಿ ಒಡೆದು, ಅಷ್ಟೂ ನೀರನ್ನು ತಗ್ಗಿನ ಬಯಲಿಗೆ ತಿರುಗಿಸಿಬಿಟ್ಟಳು. ಸುದ್ದಿ ಕೇಳಿ ಜನ ದೊಣ್ಣೆ ಹಿಡಿದು ಓಡಿಬಂದರು. ಮುಂದೆ ಊರ ಯಜಮಾನ ತಿಪ್ಪಯ್ಯನಿದ್ದ. ಅವಳು ಮೊಣಕಾಲುದ್ದ ನೀರಿನಲ್ಲಿ ಹಲಗೆಗೆ ಬೆನ್ನು ಕೊಟ್ಟು ನಿಂತಳು.

“ಹಲಗೆ ಎತ್ತು ಪಾಲಮ್ಮ! ನೀರಿಲ್ಲದೆ ಜನ ಸಾಯ್ತಾ ಇದಾರೆ,” ಎಂದು ಅವನು ಕೂಗಿದ.

“ಇದು ಬೀದಿ ತೊಳೆದ ನೀರು ಯಜಮಾನ್ರೇ. ಹೋದ ವರ್ಷ ಇದನ್ನೇ ಕುಡಿದು ಸತ್ರು. ಮರುಮಳೆ ಬರಲಿ, ಆ ನೀರು ಬಿಡ್ತೀನಿ.”

“ಮರುಮಳೆ ಬರದೇ ಹೋದ್ರೆ?”

“ನನ್ನ ಈ ಹೊಂಡದಾಗೇ ಹೂತುಬಿಡಿ,” ಎಂದಳು. ಮಾತು ನಡೆದಿರುವಾಗಲೇ ಮಳೆ ನಿಂತಿತು. ಕೊನೆಯ ನೀರೂ ಜನರ ಕಣ್ಣೆದುರೇ ಬಯಲಿಗೆ ಹರಿದುಹೋಯಿತು.

ಆಮೇಲೆ ಮೋಡದ ಸುಳಿವೇ ಇಲ್ಲ. ಐದನೆಯ ದಿನ ಬಯಲಿನಲ್ಲಿ ನಿಂತ ನೀರು ಕುಡಿದ ಎರಡು ಎಮ್ಮೆಗಳು ನೊರೆ ಕಕ್ಕಿ ಸತ್ತವು. ಅದನ್ನು ಕಂಡು ಕೆಲವು ಹೆಂಗಸರು ಪಾಲಮ್ಮನ ಜೊತೆ ಸೇರಿ ಬೀದಿ ಗುಡಿಸಿದರು. ತಿಪ್ಪೆಗಳನ್ನು ಊರಾಚೆ ಸಾಗಿಸಿದರು. ಬಣ್ಣಗಾರರು ತಮ್ಮ ಗುಂಡಿಗಳ ಸುತ್ತ ಮಣ್ಣಿನ ಕಟ್ಟೆ ಹಾಕಿದರು. ಆದರೆ ಬಾಯಾರಿಕೆ ಕೇಳಬೇಕಲ್ಲ. ಹತ್ತನೆಯ ದಿನ ಬೆಳಿಗ್ಗೆ ಪಾಲಮ್ಮ ಬಂದು ನೋಡಿದರೆ ಹೊಂಡದ ತಳದಲ್ಲಿ ಯಾರೋ ಆಳುದ್ದದ ಗುಂಡಿ ತೋಡಿದ್ದರು. ಅವಳು ಮನೆಗೆ ಹೋಗಿ, ತುಟಿ ಒಡೆದು ಮಲಗಿದ್ದ ಕಿರಿಮಗಳ ಪಕ್ಕ ಕುಳಿತಳು. ಗುಂಡಿಗಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಇನ್ನೊಂದು ಯೋಚನೆ: ತಾನೇ ತಪ್ಪಿದ್ದರೆ?

ಹದಿನೇಳನೆಯ ದಿನ ಬೆಳಗಿನ ಜಾವ ಮಳೆ ಬಂತು. ಗುಡಿಸಿದ ಬೀದಿಗಳಿಂದ ಬಂದ ನೀರು ಬರೀ ಕೆಮ್ಮಣ್ಣಿನ ಬಣ್ಣದ್ದಾಗಿತ್ತು. ಪಾಲಮ್ಮ ಏರಿ ಕಟ್ಟಿ, ಹಲಗೆ ಎತ್ತಿದಳು. ಹೊಂಡದ ನೀರು ತಿಳಿಯಾದ ಮೇಲೆ ಎಲ್ಲರೆದುರು ಬೊಗಸೆ ತುಂಬ ಕುಡಿದು, “ಮೂರು ದಿನ ನನ್ನ ನೋಡಿ, ಆಮೇಲೆ ಕೊಡ ತನ್ನಿ,” ಎಂದು ಮೆಟ್ಟಿಲ ಮೇಲೆ ಕುಳಿತಳು. ಊರು ಅಷ್ಟು ದೂರದಲ್ಲಿ ನಿಂತು ಅವಳನ್ನೇ ಕಾಯಿತು. ನಾಲ್ಕನೆಯ ದಿನ ಅವಳು ತಾನಾಗಿ ಎದ್ದು, ಮೊದಲ ಕೊಡ ತುಂಬಿ ಮಗಳಿಗೆ ಒಯ್ದಳು. ಆ ವರ್ಷ ಊರಲ್ಲಿ ವಾಂತಿಭೇದಿಯಿಂದ ಒಬ್ಬರೂ ಸಾಯಲಿಲ್ಲ ಎನ್ನುತ್ತಾರೆ.

ಈಗ ಮರದ ಹಲಗೆಯ ಜಾಗದಲ್ಲಿ ಕಬ್ಬಿಣದ್ದಿದೆ. ವರ್ಷದ ಮೊದಲ ಮಳೆಗೆ ಪುರಸಭೆಯವರು ಅದನ್ನು ಇಳಿಸುತ್ತಾರೆ. ಅಂದು ಇಲ್ಲಿಗೆ ಬಂದವರು ನೋಡಬಹುದು: ಜನ ಮಳೆಯಲ್ಲಿ ನೆನೆಯುತ್ತಾ ಕಾಲುವೆಯ ಬಾಯಿಗೆ ಬಂದು, ಕಪ್ಪುನೀರು ಹೊಂಡಕ್ಕೆ ಬೀಳದೆ ಬಯಲಿಗೆ ಹೋಗುವುದನ್ನು ನೋಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಆಕಾಶ ನೋಡುತ್ತಾರೆ.