ಬಿಚ್ಚದ ಗಂಟು

ಪದ್ಮರಾಜಯ್ಯನವರು ಸಾಹಿತ್ಯವಿದ್ವತ್ತಿನಲ್ಲಿ ನಾಡಿಗೆ ಹೆಸರಾದವರು. ಅವರ ಮನೆಯ ಪುಸ್ತಕಗಳೆಲ್ಲ ಬಟ್ಟೆಯ ಕಟ್ಟುಗಳಲ್ಲಿರುತ್ತಿದ್ದವು. ಪ್ರತಿವರ್ಷವೂ ಗ್ರಂಥಪೂಜೆಯ ಹಬ್ಬವಾದ ಶ್ರುತಪಂಚಮಿಯಂದು ಅಯ್ಯನವರು ಅವುಗಳ ಧೂಳು ಕೊಡವಿ, ಹೊಸ ದಾರ ಸುತ್ತಿ, ತಾವೇ ಬಿಗಿಯಾಗಿ ಗಂಟು ಹಾಕುವರು. ಆಮೇಲೆ ಶಿಷ್ಯರು ಯಾವ ಕಟ್ಟನ್ನಾದರೂ ಬಿಚ್ಚಿ ಓದಬಹುದು. ಓದಿದವರೇ ಮತ್ತೆ ಕಟ್ಟಿಡಬೇಕು.

ಪಾಠ ಮುಗಿಸಿ ಹೊರಡುವವರಿಗೆ ಅಲ್ಲಿ ಒಂದು ಪದ್ಧತಿಯಿತ್ತು. ಹಳೆಯ ಶ್ರೇಷ್ಠ ಕಾದಂಬರಿಗಳು, ಸಾಹಿತ್ಯವಿದ್ವತ್ತಿನ ಗ್ರಂಥಗಳು, ಗಣಿತದ ಪಠ್ಯಗಳು, ಈ ಮೂರು ಕಟ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದನ್ನು ಬಿಚ್ಚಿ ಗುರುಗಳ ಮುಂದೆ ಮೊದಲ ಪುಟ ಓದಿದರೆ ಆಯ್ಕೆ ಸ್ಥಿರ; ಆ ಕಟ್ಟು ಓದಿದವರ ಜೊತೆಗೇ ಅವರ ಮನೆಗೆ ಹೋಗುವುದು. ಮುಂದಿನ ವ್ಯಾಸಂಗವೆಲ್ಲ ಅದರಲ್ಲೇ.

ಆ ವರ್ಷದ ಸರದಿ ಅನಂತಮತಿಯದು. ಆಕೆಯ ಜೀವವೆಲ್ಲ ಗಣಿತದಲ್ಲಿತ್ತು. ಆದರೆ, “ಅಯ್ಯನವರ ಹೆಸರು ಉಳಿಸುವವಳು ಇವಳೇ” ಎಂದು ಊರೇ ಆಡುತ್ತಿತ್ತು. ಅನ್ನವಿಟ್ಟು ಅಕ್ಷರ ಕಲಿಸಿದವರ ಶಾಸ್ತ್ರವನ್ನು ಬಿಟ್ಟು ಹೋಗುವುದು ಹೇಗೆ? ಆಕೆ ಗಣಿತದ ಕಡೆಗೆ ಕಣ್ಣು ಹಾಯಿಸದೆ, ವಿದ್ವತ್ತಿನ ಕಟ್ಟನ್ನು ಎಳೆದುಕೊಂಡಳು.

“ಬಿಚ್ಚು, ಮಗಳೇ,” ಎಂದರು ಅಯ್ಯನವರು.

ಗಂಟು ಜಗ್ಗಲಿಲ್ಲ. ಉಗುರುಗಳು ನೊಂದವು. ಕೊನೆಗೆ ಹಲ್ಲಿನಿಂದ ಕಚ್ಚಲು ಬಗ್ಗಿದಳು.

“ಎಂಜಲು ಮಾಡಬೇಡ, ತಾಯಿ!” ಅಯ್ಯನವರು ನಕ್ಕುಬಿಟ್ಟರು. “ಅದು ಹಬ್ಬದ ದಿನ ನಾನು ಹಾಕಿದ ಗಂಟು. ಅಂದಿನಿಂದ ಯಾರೂ ಮುಟ್ಟಿಲ್ಲ. ಅದಿರಲಿ, ಆ ಗಣಿತದ ಕಟ್ಟಿಗೆ ಯಾರದೋ ಜಡೆಯ ಟೇಪು ಸುತ್ತಿದೆಯಲ್ಲ?”

ಅನಂತಮತಿಯ ಕೈ ತನ್ನ ಜಡೆಯ ತುದಿಗೆ ಹೋಯಿತು. ಅಲ್ಲಿ ಟೇಪು ಇರಲಿಲ್ಲ.

“ಬಿಚ್ಚಿ ಕಟ್ಟಿ ದಾರ ಸವೆದುಹೋಯಿತು, ಅಯ್ಯನವರೇ. ಕೈಗೆ ಸಿಕ್ಕಿದ್ದನ್ನು ಸುತ್ತಿದೆ.”

“ಮತ್ತೆ ಇದನ್ನೇಕೆ ಎಳೆದುಕೊಂಡೆ?”

“ತಮಗೆ ನೋವಾದೀತೆಂದು...”

“ಮನಸ್ಸಿಲ್ಲದೆ ಕೊಂಡುಹೋದರೆ ನನ್ನ ಗ್ರಂಥಗಳು ನಿನ್ನ ಮನೆಯಲ್ಲಿಯೂ ಹೀಗೆಯೇ ಬಿಗಿದುಕೊಂಡು ಕುಳಿತಿರುತ್ತವೆ. ನನಗೆ ನೋವಾಗುವುದು ಅದಕ್ಕೆ! ಇಡು ಅದನ್ನು. ಬಿಚ್ಚುವವರು ಬರುವ ತನಕ ಇಲ್ಲಿಯೇ ಇರಲಿ.”

ಆಕೆ ಆ ಕಟ್ಟನ್ನು ಮತ್ತೆ ಅದರ ಜಾಗದಲ್ಲಿಟ್ಟಳು. “ಗಣಿತ ಹಿಡಿದರೆ ಕಾದಂಬರಿಗಳನ್ನು ಓದಬಾರದೇ?”

“ಅವಕ್ಕೆ ಅಪ್ಪಣೆ ಬೇರೆ ಬೇಕೇ? ರಜೆಗೆ ಬಂದು ಓದು. ಊಟಕ್ಕೆ ಕರೆದಾಗ ಏಳು, ಸಾಕು.”

ಅನಂತಮತಿ ಟೇಪು ಬಿಚ್ಚಿ ಗಣಿತದ ಮೊದಲ ಪುಟವನ್ನು ಓದಿದಳು. ಪುಟದತ್ತ ನೋಡದೆಯೇ ಓದುತ್ತಿದ್ದಾಳೆಂಬುದು ಅಯ್ಯನವರಿಗೆ ತಿಳಿಯಿತು.

“ಟೇಪನ್ನು ಜಡೆಗೆ ಕಟ್ಟಿಕೋ,” ಎಂದು ಅವರು ಹೊಸ ದಾರ ತಂದರು. ಕಟ್ಟನ್ನು ತಾವೇ ಸುತ್ತಿ ಆಕೆಯ ಕೈಗಿತ್ತರು. ಈ ಸಲ ಅವರು ಹಾಕಿದ್ದು ಜಾರುಗಂಟು.

ನೀತಿ: ಹಿರಿಯರ ಋಣ ತೀರಿಸಲೆಂದು ಒಲ್ಲದ ವಿದ್ಯೆಯನ್ನು ಹೊತ್ತರೆ ಅದು ನಮಗೂ ಒಲಿಯದು, ಅವರಿಗೂ ಸಲ್ಲದು. ಯಾವುದನ್ನು ಆರಿಸಲೆಂದು ತಿಳಿಯದಾದಾಗ, ಯಾರೂ ಹೇಳದೆ ನಮ್ಮ ಕೈ ಮತ್ತೆ ಮತ್ತೆ ಬಿಚ್ಚಿದ ಕಟ್ಟು ಯಾವುದೆಂದು ನೋಡಿಕೊಳ್ಳಬೇಕು.